ದುಡಿಯುವ ತಂದೆ–ತಾಯಂದಿರು ಮತ್ತು ಕಠಿಣ ಮೇಲಧಿಕಾರಿ: ಸಣ್ಣ ಉದ್ದಿಮೆಗಳಿಗೊಂದು ಪಾಠ

ಕಠಿಣ ಸ್ವಭಾವದ ಮೇಲಧಿಕಾರಿಯನ್ನು ನಿಭಾಯಿಸುವುದು ಹೇಗೆ ಎಂಬ ವಿಷಯದ ಮೇಲೆ ನೌಕರರಿಗಾಗಿ ಬರೆದ ಲೇಖನಗಳು ಬೇಕಾದಷ್ಟಿವೆ. ಆದರೆ ಈ ಪತ್ರಿಕೆಯನ್ನು ಓದುವವರಲ್ಲಿ ಹೆಚ್ಚಿನವರು ಮೇಜಿನ ಆಚೆ ಬದಿಯಲ್ಲಿ ಕುಳಿತಿರುವವರು. ಇಪ್ಪತ್ತೈದು ಜನರ ಕಾರ್ಖಾನೆಯಲ್ಲಿ ಮೇಲಧಿಕಾರಿ ಎಂದರೆ ಮಾಲೀಕರೇ. ಇಲ್ಲವಾದರೆ ಅವರ ತಮ್ಮ, ಅಳಿಯ ಅಥವಾ ಇಪ್ಪತ್ತು ವರ್ಷಗಳಿಂದ ಜೊತೆಗಿರುವ ಮೇಸ್ತ್ರಿ. ಆದುದರಿಂದ ಈ ಪಾಠವನ್ನು ಎರಡೂ ಬದಿಯಿಂದ ಓದಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿ. ನೌಕರನು ಹೇಗೆ ಮಾತನಾಡಬೇಕು ಎಂಬುದು ಒಂದು ಬದಿ. ಆತ ಹಾಗೆ ಮಾತನಾಡಲು ಬಂದಾಗ ನಾವು ಹೇಗೆ ಕೇಳಿಸಿಕೊಳ್ಳಬೇಕು ಎಂಬುದು ಇನ್ನೊಂದು ಬದಿ. ಸಣ್ಣ ಉದ್ದಿಮೆಗೆ ನಷ್ಟ ತರುವುದು ಹೆಚ್ಚಾಗಿ ಎರಡನೆಯದು.

ಮೊದಲು ಸಮಸ್ಯೆಯ ಮೂಲವನ್ನು ಗಮನಿಸೋಣ. ಮಕ್ಕಳಿರುವ ನೌಕರನಿಗೂ ಮೇಲಧಿಕಾರಿಗೂ ನಡೆಯುವ ಘರ್ಷಣೆ ಬಹುಪಾಲು ಸ್ವಭಾವದ್ದಲ್ಲ, ಗಡಿಯಾರದ್ದು. ಪಾಳಿ ಎಂಟೂವರೆಗೆ ಆರಂಭವಾಗುತ್ತದೆ. ಶಾಲೆಯ ಬಾಗಿಲು ಅದೇ ಹೊತ್ತಿಗೆ ಅಥವಾ ಅದರ ನಂತರ ತೆರೆಯುತ್ತದೆ. ಅಂಗನವಾಡಿಯಲ್ಲಿ ಶಾಲಾಪೂರ್ವ ಶಿಕ್ಷಣವಿರುವುದು ಮೂರು ವರ್ಷ ತುಂಬಿದ ಮಕ್ಕಳಿಗೆ, ಅದೂ ಪಾಳಿ ಮುಗಿಯುವ ಮೊದಲೇ ಮುಚ್ಚುತ್ತದೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಅನೇಕ ಕಾರ್ಮಿಕ ಮಹಿಳೆಯರು ಷೇರ್ ಆಟೋ ಬಿಟ್ಟು ಸರ್ಕಾರಿ ಬಸ್ಸನ್ನು ಅವಲಂಬಿಸಿದ್ದಾರೆ. ತಿಂಗಳಿಗೆ ನೂರಾರು ರೂಪಾಯಿ ಉಳಿಯುವಾಗ ಅದು ಸಹಜವೇ. ಆದರೆ ಬಸ್ಸು ಬರುವ ಹೊತ್ತು ಕಾರ್ಖಾನೆಯ ಗಂಟೆಗೆ ಹೊಂದಿಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ಹೀಗೆ ಹತ್ತು ನಿಮಿಷದ ವಿಳಂಬ ಹುಟ್ಟುತ್ತದೆ. ಮೇಲ್ವಿಚಾರಕನು ಅದನ್ನು ಅಶಿಸ್ತು ಎಂದು ಬರೆದುಕೊಳ್ಳುತ್ತಾನೆ. ತಾಯಿಗೆ ಅದು ಅವಮಾನವಾಗುತ್ತದೆ. ಮಾಲೀಕನ ಕಿವಿಗೆ ವಿಷಯ ಬೀಳುವುದು ಆಕೆ ಕೆಲಸ ಬಿಟ್ಟ ಮೇಲೆ.

ಕಾಯಿಲ್ ಸುತ್ತುವ ವಿಭಾಗದಲ್ಲಿ ಒಂದು ಪ್ರಸಂಗ

ಸುಮಾರು ಎಂಟು ವರ್ಷಗಳ ಹಿಂದೆ, 2018ರಲ್ಲಿ, ಸಣ್ಣ ಟ್ರಾನ್ಸ್‌ಫಾರ್ಮರ್‌ಗಳನ್ನು ತಯಾರಿಸುವ ಒಂದು ಘಟಕಕ್ಕೆ ನಾನು ಸಿಬ್ಬಂದಿ ವಿಷಯಗಳ ಸಲಹೆಗಾರನಾಗಿ ಹೋಗುತ್ತಿದ್ದೆ. ಘಟಕದ ಹೆಸರು ಇಲ್ಲಿ ಅನಗತ್ಯ. ಕಾಯಿಲ್ ಸುತ್ತುವ ವಿಭಾಗದಲ್ಲಿ ಒಂಬತ್ತು ಮಹಿಳೆಯರಿದ್ದರು. ಅವರಲ್ಲಿ ಐದು ವರ್ಷ ಅನುಭವವಿದ್ದ ಒಬ್ಬಾಕೆ ಹೆರಿಗೆ ರಜೆ ಮುಗಿಸಿ ಮರಳಿದಾಗ ಮಗುವಿಗೆ ಐದು ತಿಂಗಳು. ಮಗುವನ್ನು ನೋಡಿಕೊಳ್ಳಲು ಅಜ್ಜಿ ಇದ್ದರು. ಮನೆ ಒಂದು ಕಿಲೋಮೀಟರ್ ದೂರ. ಹಾಲೂಡಿಸಿ ಹೊರಟರೆ ಹತ್ತು ಹದಿನೈದು ನಿಮಿಷ ತಡ. ಮಧ್ಯಾಹ್ನ ಮನೆಗೆ ಹೋಗಿ ಬರಲು ಮೇಲ್ವಿಚಾರಕನು ಬಿಡುತ್ತಿರಲಿಲ್ಲ. ತಿಂಗಳಲ್ಲಿ ಮೂರು ಸಲ ತಡವಾದರೆ ಅರ್ಧ ದಿನದ ಕೂಲಿ ಕಡಿತ ಎಂಬ ಹಳೆಯ ಪದ್ಧತಿ ಅಲ್ಲಿತ್ತು. ಮೊದಲ ತಿಂಗಳಲ್ಲೇ ಆಕೆಗೆ ಎರಡೂವರೆ ದಿನದ ಕೂಲಿ ಹೋಯಿತು.

ಆಕೆ ಮಾಡಿದ್ದು ಗಮನಾರ್ಹ. ಮೇಲ್ವಿಚಾರಕನೊಡನೆ ಜಗಳವಾಡಲಿಲ್ಲ, ಮಾಲೀಕರ ಮುಂದೆ ಅಳಲೂ ಇಲ್ಲ. ಮಗಳ ಲಸಿಕೆ ಚೀಟಿಯ ಹಿಂಬದಿಯಲ್ಲಿ ನಾಲ್ಕು ವಾರಗಳ ಲೆಕ್ಕ ಬರೆದಿಟ್ಟುಕೊಂಡಿದ್ದಳು. ಎಷ್ಟು ನಿಮಿಷ ತಡವಾಯಿತು, ಆ ದಿನ ಎಷ್ಟು ಕಾಯಿಲ್ ಸುತ್ತಿದಳು, ಎಷ್ಟು ತಿರಸ್ಕೃತವಾದವು ಎಂಬ ಮೂರು ಅಂಕಣಗಳು. ತಡವಾದ ದಿನಗಳಲ್ಲಿಯೂ ಆಕೆಯ ಎಣಿಕೆ ವಿಭಾಗದ ಸರಾಸರಿಗಿಂತ ಮೇಲಿತ್ತು. ಆ ಚೀಟಿಯೊಡನೆ ಆಕೆ ಒಂದು ಕೋರಿಕೆಯನ್ನೂ ತಂದಳು. ಆರು ತಿಂಗಳ ಕಾಲ ತನ್ನ ಪಾಳಿ ಎಂಟೂಮುಕ್ಕಾಲಿಗೆ ಆರಂಭವಾಗಲಿ, ಸಂಜೆ ಹದಿನೈದು ನಿಮಿಷ ಹೆಚ್ಚು ಕೂರುತ್ತೇನೆ. ಹಾಲೂಡಿಸಲು ಎರಡು ಬಿಡುವು ಬೇಕು. ಮೊದಲು ಒಂದು ತಿಂಗಳು ಪರೀಕ್ಷಿಸಿ ನೋಡಿ, ಎಣಿಕೆ ಇಳಿದರೆ ಹಳೆಯ ಸಮಯಕ್ಕೇ ಬರುತ್ತೇನೆ ಎಂದಳು.

ಮಾಲೀಕರು ಒಳ್ಳೆಯವರು, ಆದರೆ ಒಪ್ಪಲು ಹಿಂಜರಿದರು. ಅವರ ಭಯ ಎಲ್ಲ ಮಾಲೀಕರದ್ದೇ: ಒಬ್ಬಳಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ. ಈ ಭಯವನ್ನು ಅಲ್ಲಗಳೆಯಬಾರದು, ಏಕೆಂದರೆ ಎಲ್ಲರೂ ಕೇಳುವುದು ನಿಜ. ಅದಕ್ಕೆ ಉತ್ತರ, ಕೊಡುವುದನ್ನು ಒಬ್ಬ ವ್ಯಕ್ತಿಗೆ ತೋರಿದ ದಯೆಯಾಗಿ ಕೊಡದೆ ಒಂದು ನಿಯಮವಾಗಿ ಕೊಡುವುದು. ಒಂದು ವರ್ಷದೊಳಗಿನ ಮಗುವಿರುವ ಯಾವುದೇ ಕಾರ್ಮಿಕರಿಗೆ, ಕೆಲಸದ ಸ್ವರೂಪ ಅವಕಾಶ ಕೊಟ್ಟಲ್ಲಿ, ಹದಿನೈದು ನಿಮಿಷದ ಪಾಳಿ ಬದಲಾವಣೆ ದೊರೆಯುವುದೆಂದು ಅರ್ಧ ಪುಟದ ಸೂಚನೆಯನ್ನು ಫಲಕಕ್ಕೆ ಹಚ್ಚಿದೆವು. ಇಬ್ಬರು ಕೇಳಿದರು. ಅವರಲ್ಲಿ ಒಬ್ಬರಿಗೆ ಕೊಡಲು ಆಗಲಿಲ್ಲ. ಜೋಡಣೆ ಸಾಲಿನ ಮೊದಲ ಸ್ಥಾನದಲ್ಲಿದ್ದ ಆಕೆ ಬಾರದೆ ಉಳಿದ ಆರು ಜನರ ಕೈಗೆ ಕೆಲಸವೇ ಬರುತ್ತಿರಲಿಲ್ಲ. ಆಕೆಯನ್ನು ತಪಾಸಣಾ ಮೇಜಿಗೆ ವರ್ಗಾಯಿಸಲಾಯಿತು. ಅಲ್ಲಿ ಎಣಿಕೆಯ ಪ್ರೋತ್ಸಾಹಧನ ಇರಲಿಲ್ಲ. ಆಕೆಗೆ ಅದು ಸರಿ ಎನಿಸಲಿಲ್ಲ, ನನಗೂ ಪೂರ್ತಿ ಸರಿ ಎನಿಸಿರಲಿಲ್ಲ. ಆದರೆ ಏಕೆ ಆಗದು ಎಂಬುದನ್ನು ಮಾಲೀಕರೇ ಸಾಲಿನ ಬಳಿ ನಿಂತು ತೋರಿಸಿ ಹೇಳಿದ್ದರಿಂದ ಆಕೆ ಕೆಲಸ ಬಿಡಲಿಲ್ಲ. ಮೇಲ್ವಿಚಾರಕನು ಮಾತ್ರ ಇನ್ನೂ ಎರಡು ಮೂರು ತಿಂಗಳು ಗೊಣಗುತ್ತಲೇ ಇದ್ದ.

ಆತನ ಬಗ್ಗೆಯೂ ಒಂದು ಮಾತು. ಆತನಿಗೆ ಒಪ್ಪಿಸಿದ್ದ ಹೊಣೆ ಎರಡೇ: ಎಂಟೂವರೆಗೆ ಎಲ್ಲ ಯಂತ್ರಗಳೂ ತಿರುಗುತ್ತಿರಬೇಕು, ಸಂಜೆ ಎಣಿಕೆ ಕಡಿಮೆಯಾಗಬಾರದು. ಎಣಿಕೆ ಕಡಿಮೆಯಾದರೆ ಬೈಗುಳ ಆತನಿಗೆ. ತಾಯಿಯೊಬ್ಬಳು ಕೆಲಸ ಬಿಟ್ಟರೆ ಆತನನ್ನು ಕೇಳುವವರಿಲ್ಲ. ಹೀಗಿರುವಾಗ ಆತ ಕಠಿಣನಾಗದೆ ಇನ್ನೇನಾದಾನು? ಬಹಳಷ್ಟು ಕಠಿಣ ಮೇಲಧಿಕಾರಿಗಳನ್ನು ನಾವೇ ನಮ್ಮ ಲೆಕ್ಕದ ಪುಸ್ತಕದಿಂದ ತಯಾರಿಸಿರುತ್ತೇವೆ. ಮುಂದಿನ ವರ್ಷದಿಂದ ಆ ಘಟಕದಲ್ಲಿ, ವಿಭಾಗದಲ್ಲಿ ಎಷ್ಟು ಹಳಬರು ಉಳಿದರು ಎಂಬುದನ್ನೂ ಮೇಲ್ವಿಚಾರಕನ ವಾರ್ಷಿಕ ಬಡ್ತಿಯ ಲೆಕ್ಕಕ್ಕೆ ಸೇರಿಸಿದರು. ಗೊಣಗಾಟ ನಿಂತದ್ದು ನಾನು ಕೊಟ್ಟ ಉಪದೇಶದಿಂದಲ್ಲ, ಅದರಿಂದ.

ಕೂಲಿ ಕಡಿತದ ತಪ್ಪು

ಮೇಲಿನ ಪ್ರಸಂಗದಲ್ಲಿ ಬಂದ ‘ಮೂರು ಸಲ ತಡವಾದರೆ ಅರ್ಧ ದಿನ ಕಡಿತ’ ಎಂಬ ಪದ್ಧತಿ ನಮ್ಮ ಅನೇಕ ಘಟಕಗಳಲ್ಲಿ ಇದೆ. ಇದು ಕಾನೂನಿಗೆ ವಿರುದ್ಧವಾದುದು ಎಂಬುದನ್ನು ಸದಸ್ಯರು ತಿಳಿಯಬೇಕು. ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ತತ್ತ್ವ ಒಂದೇ: ಗೈರುಹಾಜರಿಗಾಗಿ ಕಡಿಯುವ ಮೊತ್ತವು ಗೈರಾದ ಅವಧಿಯ ಪ್ರಮಾಣವನ್ನು ಮೀರಬಾರದು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ 2019 ಕೂಡ ಇದನ್ನೇ ಹೇಳುತ್ತದೆ. ಹತ್ತು ನಿಮಿಷ ತಡವಾದರೆ ಹತ್ತು ನಿಮಿಷದ ಕೂಲಿಯನ್ನು ಕಡಿಯಬಹುದು, ಅರ್ಧ ದಿನದ್ದನ್ನಲ್ಲ. ದಂಡ ವಿಧಿಸುವುದು ಬೇರೆ ವಿಷಯ. ಅದಕ್ಕೆ ಬೇರೆ ಷರತ್ತುಗಳಿವೆ, ಮತ್ತು ಒಂದು ವೇತನಾವಧಿಯಲ್ಲಿ ಒಟ್ಟು ದಂಡವು ಆ ಅವಧಿಯ ವೇತನದ ಶೇಕಡಾ 3ನ್ನು ಮೀರುವಂತಿಲ್ಲ. ಶಿಸ್ತಿನ ಹೆಸರಿನಲ್ಲಿ ನಡೆಯುತ್ತಿರುವ ಈ ಕಡಿತದ ದೊಡ್ಡ ಪಾಲು ಬೀಳುವುದು ಶಾಲೆಗೆ ಮಗುವನ್ನು ಬಿಟ್ಟು ಬರುವವರ ಮೇಲೆಯೇ.

ಹೆಚ್ಚುವರಿ ಕೆಲಸದ ವಿಷಯವೂ ಹೀಗೆಯೇ. ಸಂಜೆ ಐದು ಗಂಟೆಗೆ ಬಂದು, ಲಾರಿ ನಿಂತಿದೆ, ಇಂದು ಎಂಟರವರೆಗೆ ಎಲ್ಲರೂ ಇರಬೇಕು ಎನ್ನುವ ಮಾಲೀಕರು ಕಡಿಮೆಯಿಲ್ಲ. ಮದುವೆಯಾಗದ ಹುಡುಗನಿಗೆ ಅದು ಹೆಚ್ಚುವರಿ ಸಂಪಾದನೆ. ಶಾಲೆಯಿಂದ ಮಗುವನ್ನು ಕರೆತರಬೇಕಾದವರಿಗೆ ಅದು ಆಪತ್ತು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಪರಿಸ್ಥಿತಿಗಳ ಸಂಹಿತೆ 2020ರ ಪ್ರಕಾರ ಹೆಚ್ಚುವರಿ ಅವಧಿಯ ಕೆಲಸಕ್ಕೆ ಎರಡರಷ್ಟು ದರದಲ್ಲಿ ವೇತನ ಕೊಡಬೇಕು. ಕಾರ್ಮಿಕರ ಸಮ್ಮತಿಯೂ ಅಗತ್ಯ. ಮಹಿಳೆಯರನ್ನು ಸಂಜೆ 7ರ ನಂತರ ಅಥವಾ ಬೆಳಿಗ್ಗೆ 6ರ ಮೊದಲು ದುಡಿಸಬೇಕಾದರೆ ಅವರ ಸಮ್ಮತಿಯ ಜೊತೆಗೆ ಸುರಕ್ಷತೆಯ ಷರತ್ತುಗಳನ್ನೂ ಪೂರೈಸಬೇಕು. ಬೆಳಿಗ್ಗೆ ಪಾಳಿ ಆರಂಭವಾಗುವಾಗಲೇ, ಇಂದು ಸಂಜೆ ಮೂರು ಗಂಟೆ ಹೆಚ್ಚಿಗೆ ಇರಬಲ್ಲವರು ಯಾರು ಎಂದು ಕೇಳಿ ಹೆಸರು ಬರೆದುಕೊಂಡರೆ ಕಾನೂನೂ ಉಳಿಯುತ್ತದೆ, ಲಾರಿಯೂ ಹೊರಡುತ್ತದೆ.

ಹೆರಿಗೆ ರಜೆಯ ಖರ್ಚು ಯಾರದು?

ಮದುವೆಯಾದ ಯುವತಿಯನ್ನು ಕೆಲಸಕ್ಕೆ ತೆಗೆದುಕೊಂಡರೆ ಆರು ತಿಂಗಳ ಸಂಬಳ ಸುಮ್ಮನೆ ಕೊಡಬೇಕಾಗುತ್ತದೆ ಎಂಬ ಮಾತನ್ನು ಸಭೆಗಳಲ್ಲಿ ಕೇಳಿದ್ದೇನೆ. ಇದು ಅರ್ಧ ಸತ್ಯ. ಹೆರಿಗೆ ರಜೆಯನ್ನು 12ರಿಂದ 26 ವಾರಗಳಿಗೆ ಏರಿಸಿದ ತಿದ್ದುಪಡಿ 2017ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಆ ಕಾಯ್ದೆಯ ಅಂಶಗಳೇ ಈಗ ಸಾಮಾಜಿಕ ಭದ್ರತಾ ಸಂಹಿತೆ 2020ರ ಭಾಗವಾಗಿವೆ. 26 ವಾರಗಳಲ್ಲಿ ಹೆರಿಗೆಗೆ ಮುಂಚೆ ಎಂಟು ವಾರಗಳಿಗಿಂತ ಹೆಚ್ಚು ಪಡೆಯುವಂತಿಲ್ಲ. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವಾಕೆಗೆ 12 ವಾರ. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು.

ಆದರೆ ನಮ್ಮ ಘಟಕಗಳಲ್ಲಿ ಬಹುಪಾಲು ಕಾರ್ಮಿಕರು ಇ.ಎಸ್.ಐ. ವ್ಯಾಪ್ತಿಯಲ್ಲಿರುವವರು. ಅವರಿಗೆ ಹೆರಿಗೆ ಅವಧಿಯ ವೇತನವನ್ನು ಕೊಡುವುದು ಮಾಲೀಕನಲ್ಲ, ನಿಗಮ. 2017ರ ಜನವರಿಯಿಂದ ವೇತನ ಮಿತಿ ತಿಂಗಳಿಗೆ 21,000 ರೂಪಾಯಿ. 2019ರ ಜುಲೈ 1ರಿಂದ ಮಾಲೀಕರ ವಂತಿಗೆ ಶೇ. 3.25, ಕಾರ್ಮಿಕರದು ಶೇ. 0.75. ತಿಂಗಳಿಗೆ 16,000 ರೂಪಾಯಿ ಪಡೆಯುವ ಕಾರ್ಮಿಕಳ ಉದಾಹರಣೆ ತೆಗೆದುಕೊಳ್ಳೋಣ. ಮಾಲೀಕರು ಕಟ್ಟುವುದು 520 ರೂಪಾಯಿ, ಆಕೆ ಕಟ್ಟುವುದು 120. ಹೆರಿಗೆಯಾದಾಗ 26 ವಾರಗಳಿಗೆ, ಅಂದರೆ 182 ದಿನಗಳಿಗೆ, ಸ್ಥೂಲವಾಗಿ 97,000 ರೂಪಾಯಿ ನಿಗಮದಿಂದ ನೇರವಾಗಿ ಆಕೆಗೆ ಬರುತ್ತದೆ. ಆ 520 ರೂಪಾಯಿಯನ್ನು ನಾವು ಪುರುಷ ಕಾರ್ಮಿಕನಿಗೂ ಕಟ್ಟುತ್ತೇವೆ. ಹಾಗಿದ್ದ ಮೇಲೆ ಆಕೆಯನ್ನು ತೆಗೆದುಕೊಂಡದ್ದರಿಂದ ಹೆಚ್ಚಿನ ವೇತನದ ಹೊರೆ ಎಲ್ಲಿ ಬಂತು?

ಇಲ್ಲಿ ಒಂದು ಎಡವಟ್ಟು ಮಾತ್ರ ಆಗಾಗ ಆಗುತ್ತದೆ. ಪರೀಕ್ಷಣಾ ಅವಧಿ ಮುಗಿಯಲಿ ಎಂದು ಕೆಲವರು ಹೊಸಬರನ್ನು ಆರೆಂಟು ತಿಂಗಳು ಇ.ಎಸ್.ಐ.ಗೆ ನೋಂದಾಯಿಸುವುದಿಲ್ಲ. ಹೆರಿಗೆ ಸೌಲಭ್ಯಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಕನಿಷ್ಠ 70 ದಿನಗಳ ವಂತಿಗೆ ಕಟ್ಟಿರಬೇಕು; ಈ ಅವಧಿಗಳು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ನೋಂದಣಿ ತಡವಾದುದರಿಂದ ಆಕೆಗೆ ಸೌಲಭ್ಯ ತಪ್ಪಿದರೆ ಆ ಹೊಣೆ ತಿರುಗಿ ಮಾಲೀಕರ ಮೇಲೆಯೇ ಬರುತ್ತದೆ. ತಿಂಗಳಿಗೆ ಐನೂರು ಉಳಿಸಲು ಹೋಗಿ ಒಂದು ಲಕ್ಷದ ವಿವಾದ ಕಟ್ಟಿಕೊಂಡವರಿದ್ದಾರೆ.

ಮಿತಿಗಿಂತ ಹೆಚ್ಚು ಸಂಬಳದವರ ವಿಷಯ ಬೇರೆ. ಲೆಕ್ಕಪತ್ರ, ವಿನ್ಯಾಸ, ಮಾರಾಟ ವಿಭಾಗದ ಮಹಿಳೆಯರು ಸಾಮಾನ್ಯವಾಗಿ ಈ ಗುಂಪಿನವರು. ತಿಂಗಳಿಗೆ 24,000 ರೂಪಾಯಿ ಪಡೆಯುವವರಿಗೆ ಸ್ಥೂಲವಾಗಿ 1,45,600 ರೂಪಾಯಿಯನ್ನು ಮಾಲೀಕರೇ ಭರಿಸಬೇಕು. ಸಣ್ಣ ಸಂಸ್ಥೆಗೆ ಇದು ಹಗುರವಲ್ಲ, ಹಗುರವೆಂದು ಹೇಳುವವರು ಸಣ್ಣ ಸಂಸ್ಥೆ ನಡೆಸಿದವರಲ್ಲ. ಆದರೂ ಐದಾರು ವರ್ಷ ನಮ್ಮ ಗಿರಾಕಿಗಳನ್ನೂ ಬಾಕಿಯನ್ನೂ ಬಲ್ಲ ಲೆಕ್ಕಿಗಳು ಹೋದ ಮೇಲೆ ಹೊಸಬರು ಕಲಿಯುವವರೆಗೆ ವಸೂಲಿಯಾಗದೆ ಉಳಿಯುವ ಹಣವನ್ನೂ ಇದರ ಪಕ್ಕದಲ್ಲಿ ಬರೆದು ನೋಡಬೇಕು.

ದಿನಗೂಲಿಯವರಿಗೆ ಇದು ಅನ್ವಯಿಸದು ಎಂಬ ನಂಬಿಕೆಯನ್ನು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿಯೇ, ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ ಮಹಿಳೆಯರ ಪ್ರಕರಣದಲ್ಲಿ ತಳ್ಳಿಹಾಕಿತು. ಗುತ್ತಿಗೆ ಅವಧಿ ಮುಗಿದರೂ ಸೌಲಭ್ಯ ನಿಲ್ಲದು ಎಂದು 2023ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯ ಹೇಳಿತು. ಹೆರಿಗೆ ರಜೆಯಲ್ಲಿರುವಾಗ ವಜಾ ಮಾಡುವುದು ಅಥವಾ ಸೇವಾ ಷರತ್ತುಗಳನ್ನು ಆಕೆಗೆ ಪ್ರತಿಕೂಲವಾಗುವಂತೆ ಬದಲಿಸುವುದು ನಿಷಿದ್ಧ. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಊಟದ ಬಿಡುವಿನ ಹೊರತಾಗಿ ಹಾಲೂಡಿಸಲು ದಿನಕ್ಕೆ ಎರಡು ಬಿಡುವುಗಳನ್ನು ಕೊಡಬೇಕು. ಕಾಯಿಲ್ ವಿಭಾಗದ ಆ ತಾಯಿ ಕೇಳಿದ ಎರಡು ಬಿಡುವು ಉಪಕಾರವಾಗಿರಲಿಲ್ಲ; 1961ರ ಕಾಯ್ದೆಯಿಂದಲೂ ಇದ್ದ ಹಕ್ಕಾಗಿತ್ತು. ಅದು ಆಕೆಗೂ ತಿಳಿದಿರಲಿಲ್ಲ, ಮೇಲ್ವಿಚಾರಕನಿಗೂ ತಿಳಿದಿರಲಿಲ್ಲ.

ಇಪ್ಪತ್ತನೆಯ ತಾರೀಖು

ವರ್ತಕರ ಅಂಗಡಿಗಳಲ್ಲಿ ಈ ಸಮಸ್ಯೆಗೆ ಬೇರೆ ರೂಪವಿದೆ. ಜಿ.ಎಸ್.ಟಿ. ಬಂದ 2017ರ ಜುಲೈನಿಂದ ನಮ್ಮ ತಿಂಗಳುಗಳಿಗೆ ಹೊಸ ಪಂಚಾಂಗ ಬಂದಿದೆ. ಮಾಸಿಕ ವಿವರ ಸಲ್ಲಿಸುವವರಿಗೆ 11ರಂದು ಮಾರಾಟದ ವಿವರ, 14ರಂದು ಖರೀದಿಯ ಪಟ್ಟಿ ಜಿ.ಎಸ್.ಟಿ.ಆರ್.–2ಬಿ, 20ರಂದು ಜಿ.ಎಸ್.ಟಿ.ಆರ್.–3ಬಿ. ಮಗುವಿಗೆ ಜ್ವರ ಬರುವುದು ಹೇಗೋ 19ರಂದೇ. ಸಗಟು ವ್ಯಾಪಾರದ ಒಂದು ಅಂಗಡಿಯಲ್ಲಿ ಲೆಕ್ಕ ನೋಡುತ್ತಿದ್ದ ಮಹಿಳೆಯೊಬ್ಬರು 19ರಂದು ಆಸ್ಪತ್ರೆಯಿಂದ ಫೋನ್ ಮಾಡಿದರು. ಮಾಲೀಕರು ಫೋನಿನಲ್ಲೇ ಕೂಗಾಡಿದರು. ಪಾಸ್‌ವರ್ಡ್ ಆಕೆಗೊಬ್ಬಳಿಗೇ ಗೊತ್ತು, ಬಿಲ್ಲುಗಳ ಹೊಂದಾಣಿಕೆಯೂ ಆಕೆಯ ತಲೆಯಲ್ಲೇ ಇತ್ತು. ವಿವರ ನಾಲ್ಕು ದಿನ ತಡವಾಗಿ ಸಲ್ಲಿಕೆಯಾಯಿತು. ದಿನಕ್ಕೆ 50 ರೂಪಾಯಿಯ ವಿಳಂಬ ಶುಲ್ಕ ದೊಡ್ಡದಲ್ಲ. ಶೇ. 18ರ ಬಡ್ಡಿಯೂ ನಾಲ್ಕು ದಿನಕ್ಕೆ ಅಷ್ಟೇನಲ್ಲ. ಆದರೆ ಮುಂದಿನ ತಿಂಗಳ ಕೊನೆಗೆ ಆಕೆ ಬೇರೆ ಅಂಗಡಿಗೆ ಹೋದರು.

ಇಲ್ಲಿ ಯಾರನ್ನು ದೂರಬೇಕು? ಮಾಲೀಕರು ಸ್ವಭಾವತಃ ಕ್ರೂರಿಯಲ್ಲ; ಗಾಬರಿಯಾಗಿದ್ದರು. ಒಬ್ಬರನ್ನೇ ನಂಬಿ ನಡೆಯುವ ಕೆಲಸ ಯಾವ ಮಾಲೀಕರನ್ನಾದರೂ ಕಠಿಣ ಮೇಲಧಿಕಾರಿಯನ್ನಾಗಿ ಮಾಡುತ್ತದೆ. 14ರಂದು ಪಟ್ಟಿ ಬಂದ ಕೂಡಲೇ ಹೊಂದಾಣಿಕೆ ಆರಂಭಿಸಿ 17ರೊಳಗೆ ವಿವರ ಸಿದ್ಧವಾಗುವಂತೆ ಮಾಡಿದರೆ, ಗಲ್ಲಾದಲ್ಲಿ ಕೂರುವ ಹುಡುಗನಿಗೂ ಆ ಕೆಲಸದ ಅರ್ಧವನ್ನು ಕಲಿಸಿದರೆ, 19ರ ಜ್ವರ ಕೇವಲ ಜ್ವರವಾಗಿಯೇ ಉಳಿಯುತ್ತದೆ. ಆರ್ಥಿಕ ವರ್ಷ ಮುಗಿಯುವ ಮಾರ್ಚ್ ತಿಂಗಳಲ್ಲಿಯೇ ಮಕ್ಕಳ ಪರೀಕ್ಷೆಗಳೂ ಬರುತ್ತವೆ. ಅದು ಪ್ರತಿ ವರ್ಷ ಬರುವಂಥದು, ಅನಿರೀಕ್ಷಿತವಲ್ಲ. ಆದರೂ ಪ್ರತಿ ವರ್ಷ ನಾವು ಆಶ್ಚರ್ಯಪಡುತ್ತೇವೆ.

ಇದೇ ಅಂಗಡಿಗಳಲ್ಲಿ ಸಂಬಳದ ಪಟ್ಟಿಯಲ್ಲಿ ಇಲ್ಲದ ಒಬ್ಬ ನೌಕರಳು ಇರುತ್ತಾಳೆ. ಮನೆಯ ಸೊಸೆ. ಬೆಳಿಗ್ಗೆ ಮಕ್ಕಳನ್ನು ಕಳುಹಿಸಿ ಹತ್ತು ಗಂಟೆಗೆ ಗಲ್ಲಾದಲ್ಲಿ ಕೂರುವ ಆಕೆಗೆ ಮಾವನೇ ಮೇಲಧಿಕಾರಿ. ರಜೆ ಕೇಳಲು ಅರ್ಜಿ ಕೊಡಬೇಕಾದ ವಿಳಾಸವೂ ಇಲ್ಲ. ಯಾವ ಸಂಹಿತೆಯೂ ಆಕೆಯನ್ನು ಮುಟ್ಟುವುದಿಲ್ಲ. ಓದುಗರಲ್ಲಿ ಅನೇಕರು ಆ ಮಾವನ ಸ್ಥಾನದಲ್ಲಿರುವವರು, ಆದ್ದರಿಂದ ಹೆಚ್ಚು ಬರೆಯುವ ಅಗತ್ಯವಿಲ್ಲ.

ತಂದೆಯ ವಿಷಯ

ಮಕ್ಕಳ ಹೊಣೆ ಎಂದರೆ ತಾಯಿಯ ಹೊಣೆ ಎಂಬ ಎಣಿಕೆಯಿಂದ ನಾವು ತಂದೆಯರನ್ನು ಸುಳ್ಳುಗಾರರನ್ನಾಗಿ ಮಾಡಿದ್ದೇವೆ. ನನ್ನ ಪರಿಚಯದ ಲೇತ್ ಕಾರ್ಮಿಕನೊಬ್ಬ ಒಂದೇ ವರ್ಷದಲ್ಲಿ ಮೂರು ಬಾರಿ ತಾತನ ತಿಥಿಗೆಂದು ರಜೆ ಪಡೆದಿದ್ದ. ವಿಚಾರಿಸಿದಾಗ ತಿಳಿದದ್ದು, ಮಗನಿಗೆ ಉಬ್ಬಸ, ಹೆಂಡತಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿದ್ದಾಳೆ. ಅವಳಿಗೆ ರಜೆ ಸಿಗದ ದಿನ ಇವನು ಆಸ್ಪತ್ರೆಗೆ ಹೋಗುತ್ತಾನೆ. ಮಗನಿಗೆ ಉಬ್ಬಸ ಎಂದರೆ ‘ಮನೆಯಲ್ಲಿ ಹೆಂಗಸರಿಲ್ಲವೇ’ ಎಂದು ಮೇಸ್ತ್ರಿ ಕೇಳುತ್ತಾನೆ, ತಿಥಿ ಎಂದರೆ ಯಾರೂ ಕೇಳುವುದಿಲ್ಲ. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ ಹದಿನೈದು ದಿನಗಳ ಪಿತೃತ್ವ ರಜೆ ಇದೆ. ಖಾಸಗಿ ಉದ್ದಿಮೆಗಳಿಗೆ ಅಂಥ ಕಡ್ಡಾಯವಿಲ್ಲ. ಹಾಗಿದ್ದರೂ ಹೆರಿಗೆಯ ವಾರ ತಂದೆಗೆ ಮೂರು ನಾಲ್ಕು ದಿನ ಬಿಡುವು ಕೊಟ್ಟ ಮಾಲೀಕನನ್ನು ಆ ಕಾರ್ಮಿಕ ಹತ್ತು ವರ್ಷ ನೆನೆಯುವುದನ್ನು ಕಂಡಿದ್ದೇನೆ.

ಮಾತನಾಡುವ ರೀತಿ

ನೌಕರರಿಗೆ, ಮತ್ತು ದೊಡ್ಡ ಸಂಸ್ಥೆಗಳಲ್ಲಿ ದುಡಿಯುತ್ತಿರುವ ನಮ್ಮದೇ ಮನೆಯ ಮಕ್ಕಳು ಸೊಸೆಯಂದಿರಿಗೆ, ಹೇಳಬಹುದಾದ ಮಾತು ಇಷ್ಟು. ಮೇಲಧಿಕಾರಿ ಕೋಪದಲ್ಲಿರುವಾಗ ಅಥವಾ ನೀವು ತಡವಾಗಿ ಬಂದ ಬೆಳಿಗ್ಗೆಯೇ ಈ ವಿಷಯ ಎತ್ತಬೇಡಿ. ಎಲ್ಲವೂ ಸರಿಯಾಗಿರುವ ದಿನ, ಹದಿನೈದು ನಿಮಿಷ ಸಮಯ ಬೇಕೆಂದು ಮೊದಲೇ ಕೇಳಿ, ಕುಳಿತು ಮಾತನಾಡಿ. ಕಷ್ಟವನ್ನು ಎರಡು ವಾಕ್ಯಗಳಲ್ಲಿ ಹೇಳಿ, ಪರಿಹಾರವನ್ನು ಹತ್ತು ವಾಕ್ಯಗಳಲ್ಲಿ ಹೇಳಿ. ಬಹುತೇಕರು ಇದನ್ನು ತಿರುಗಿಸಿ ಮಾಡುತ್ತಾರೆ. ಏನು ಬೇಕು, ಎಷ್ಟು ದಿನಕ್ಕೆ ಬೇಕು, ಆ ಹೊತ್ತಿನ ಕೆಲಸವನ್ನು ಯಾರು ಅಥವಾ ಯಾವಾಗ ಪೂರೈಸುವರು ಎಂಬುದು ಸ್ಪಷ್ಟವಾಗಿರಲಿ. ಮಾತುಕತೆಯ ನಂತರ ಅದೇ ದಿನ ಒಂದು ಚಿಕ್ಕ ಪತ್ರ ಅಥವಾ ವಾಟ್ಸಾಪ್ ಸಂದೇಶದಲ್ಲಿ, ಇಂದು ತಾವು ಒಪ್ಪಿದ್ದು ಇದು ಎಂದು ವಿನಯದಿಂದ ಬರೆದು ಕಳುಹಿಸಿ. ಬರಹದಲ್ಲಿ ಇಲ್ಲದ ಒಪ್ಪಿಗೆ ಮೇಲ್ವಿಚಾರಕ ಬದಲಾದ ದಿನವೇ ಬದಲಾಗುತ್ತದೆ.

ಹಕ್ಕನ್ನೂ ಸೌಲಭ್ಯವನ್ನೂ ಬೆರೆಸಬಾರದು. ಹೆರಿಗೆ ರಜೆ, ಹಾಲೂಡಿಸುವ ಬಿಡುವು, ಎರಡರಷ್ಟು ದರದ ಹೆಚ್ಚುವರಿ ವೇತನ ಇವು ಹಕ್ಕುಗಳು. ಇವನ್ನು ಬೇಡುವ ಧ್ವನಿಯಲ್ಲಿ ಕೇಳಬೇಕಾಗಿಲ್ಲ. ಪಾಳಿ ಬದಲಾವಣೆ, ಮನೆಯಿಂದ ಕೆಲಸ, ಶಾಲಾ ಸಭೆಗೆ ಅರ್ಧ ದಿನ ಇವು ಒಪ್ಪಂದದ ವಿಷಯಗಳು. ಇವುಗಳಲ್ಲಿ ಕೊಡುಕೊಳ್ಳುವಿಕೆ ಇರಬೇಕು. ಕೆಲಸದ ಸ್ವರೂಪ ಹೊಂದುವಲ್ಲಿ, ಹೆರಿಗೆ ರಜೆಯ ನಂತರ ಮನೆಯಿಂದ ಕೆಲಸ ಮಾಡುವುದನ್ನು ಪರಸ್ಪರ ಒಪ್ಪಂದದಿಂದ ಮಾಡಿಕೊಳ್ಳಬಹುದೆಂದು ಸಂಹಿತೆಯೇ ಹೇಳುತ್ತದೆ. ಹಕ್ಕನ್ನೇ ನಿರಾಕರಿಸಿದಾಗ ಮೊದಲು ಮಾಲೀಕರಿಗೆ ಬರಹದಲ್ಲಿ ತಿಳಿಸುವುದು, ಅದೂ ಆಗದಿದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರನ್ನು ಕಾಣುವುದು. ಸಂಹಿತೆಯಲ್ಲಿ ಅವರ ಹೆಸರು ನಿರೀಕ್ಷಕ ಹಾಗೂ ಸುಗಮಕಾರ ಎಂದಾಗಿದೆ. ಇಲಾಖೆಗೆ ದೂರು ಹೋದ ಮೇಲೆ ಮಾಲೀಕರು ತಿಳಿದುಕೊಳ್ಳುವ ವಿಷಯವನ್ನು ಮೊದಲೇ ತಿಳಿದುಕೊಂಡರೆ ಇಬ್ಬರಿಗೂ ಒಳಿತು.

ಎಲ್ಲರ ಮುಂದೆ ಹೀಯಾಳಿಸುವ ಮೇಲಧಿಕಾರಿಗೆ ಮಾತ್ರ ಬೇರೆ ಔಷಧಿ ಬೇಕು. ಮಗು ಹೆರುವುದಾದರೆ ಮನೆಯಲ್ಲೇ ಇರಬೇಕಿತ್ತು ಎಂಬಂಥ ಮಾತನ್ನು ಮೇಲ್ವಿಚಾರಕನು ಆಡಿದನೆಂದು ತಿಳಿದರೆ ಮಾಲೀಕರು ಅಂದೇ ಆತನನ್ನು ಕರೆದು ಮಾತನಾಡಬೇಕು. ಅದನ್ನು ತಮಾಷೆ ಎಂದು ಬಿಟ್ಟ ಘಟಕಗಳಲ್ಲಿ ಅನುಭವಿ ಮಹಿಳೆಯರು ಉಳಿದದ್ದನ್ನು ನಾನು ಕಂಡಿಲ್ಲ.

ಒಟ್ಟಾಗಿ ಮಾಡಬಹುದಾದ ಒಂದು ಕೆಲಸ

ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರವನ್ನು ಒದಗಿಸಬೇಕೆಂಬುದು 2017ರ ತಿದ್ದುಪಡಿಯಿಂದ ಬಂದ ನಿಯಮ. ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಅವಕಾಶವಿರಬೇಕು. ಇಲ್ಲಿ ಎಣಿಕೆಗೆ ಬರುವುದು ಒಟ್ಟು ನೌಕರರು, ಮಹಿಳೆಯರು ಮಾತ್ರವಲ್ಲ. ಇದನ್ನು ಹಲವರು ತಪ್ಪಾಗಿ ತಿಳಿದಿದ್ದಾರೆ. ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ ಮೂವತ್ತಕ್ಕಿಂತ ಹೆಚ್ಚು ಮಹಿಳೆಯರು ಎಂಬ ಲೆಕ್ಕವಿದ್ದುದರಿಂದ ಈ ಗೊಂದಲ. ಐವತ್ತೈದು ಜನರ ಘಟಕಕ್ಕೆ ತನ್ನದೇ ಕೇಂದ್ರ ನಡೆಸುವುದು ಭಾರ. ಆದರೆ ಹಲವು ಸಂಸ್ಥೆಗಳು ಸೇರಿ ನಡೆಸುವ ಸಾಮೂಹಿಕ ಕೇಂದ್ರವನ್ನೂ, ಸರ್ಕಾರ, ನಗರಸಭೆ ಅಥವಾ ಸ್ವಯಂಸೇವಾ ಸಂಸ್ಥೆಗಳ ಕೇಂದ್ರವನ್ನು ಬಳಸಿಕೊಳ್ಳುವುದನ್ನೂ ಸಾಮಾಜಿಕ ಭದ್ರತಾ ಸಂಹಿತೆ ಒಪ್ಪುತ್ತದೆ. ಅಕ್ಕಪಕ್ಕದ ಎಂಟು ಹತ್ತು ಘಟಕಗಳು ಸೇರಿದರೆ ಒಂದು ಷೆಡ್ಡಿನ ಬಾಡಿಗೆಯನ್ನೂ ಇಬ್ಬರು ಆಯಾಗಳ ಸಂಬಳವನ್ನೂ ಹಂಚಿಕೊಳ್ಳುವುದು ಅಸಾಧ್ಯವೇನಲ್ಲ. ಐವತ್ತಕ್ಕಿಂತ ಕಡಿಮೆ ಜನರಿರುವ ಘಟಕವೂ ಸ್ವಇಚ್ಛೆಯಿಂದ ಇದರಲ್ಲಿ ಸೇರಬಹುದು. ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕಾರ್ಮಿಕರ ಮಕ್ಕಳಿಗಾಗಿ ರಾಜ್ಯ ಸರ್ಕಾರ ‘ಕೂಸಿನ ಮನೆ’ಗಳನ್ನು ತೆರೆದಿದೆ, ಕೇಂದ್ರದ ಮಿಷನ್ ಶಕ್ತಿಯಡಿ ‘ಪಾಲನಾ’ ಯೋಜನೆಯಿದೆ. ಕೈಗಾರಿಕಾ ವಸಾಹತುಗಳಲ್ಲಿ ಇಂಥದೊಂದನ್ನು ಆರಂಭಿಸಲು ಕೈಗಾರಿಕಾ ಸಂಘಗಳೇ ಮುಂದಾಗಬೇಕು.

ಕೇಂದ್ರದ ಸ್ಥಳ ಆರಿಸುವಾಗ ಒಂದು ಎಚ್ಚರಿಕೆ. ಬಾಡಿಗೆ ಅಗ್ಗವೆಂದು ವಸಾಹತಿನ ಕೊನೆಯ ಮೂಲೆಯಲ್ಲಿ, ಬಣ್ಣ ಬಳಿಯುವ ಘಟಕದ ಪಕ್ಕದಲ್ಲಿ ತೆರೆದ ಒಂದು ಕೇಂದ್ರ ಆರು ತಿಂಗಳಲ್ಲಿ ಮುಚ್ಚಿತು. ತಾಯಂದಿರಿಗೆ ಬೇಡವಾಗಿತ್ತು ಎಂದು ಮಾಲೀಕರು ತೀರ್ಮಾನಿಸಿದರು. ತಾಯಂದಿರನ್ನು ಕೇಳಿದಾಗ ಅವರು ಹೇಳಿದ್ದು ವಾಸನೆಯ ಬಗ್ಗೆ, ಮತ್ತು ಬಸ್ ನಿಲ್ದಾಣದಿಂದ ಅಲ್ಲಿಗೆ ಹೋಗಿ ಮತ್ತೆ ಕಾರ್ಖಾನೆಗೆ ಬರಲು ಹಿಡಿಯುವ ಇಪ್ಪತ್ತು ನಿಮಿಷದ ಬಗ್ಗೆ.

ಇಷ್ಟೆಲ್ಲವನ್ನೂ ಒಮ್ಮೆಗೇ ಮಾಡಲಾಗದವರು ಒಂದನ್ನಾದರೂ ಮಾಡಬಹುದು. ಶಾಲೆಗಳು ಜೂನ್ ಆರಂಭದಲ್ಲಿ ತೆರೆಯುತ್ತವೆ. ಮೇ ತಿಂಗಳ ಕೊನೆಯ ವಾರದಲ್ಲಿ ಪ್ರತಿಯೊಬ್ಬ ಕಾರ್ಮಿಕರಿಂದಲೂ, ಪುರುಷರಿಂದಲೂ, ಮಕ್ಕಳ ವಯಸ್ಸು, ಶಾಲೆಯ ಸಮಯ, ಬರುವ ಬಸ್ಸಿನ ಹೊತ್ತು ಈ ಮೂರನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು, ಅದನ್ನು ಮೇಜಿನ ಮೇಲಿಟ್ಟುಕೊಂಡು ಆ ವರ್ಷದ ಪಾಳಿಯ ಪಟ್ಟಿಯನ್ನು ಬರೆಯಿರಿ. ಪಟ್ಟಿ ಬರೆಯುವಾಗ ಮೇಲ್ವಿಚಾರಕನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.